ಶಿಮ್ಲಾದ ಪರ್ವತ ಸೈಕಲ್ ಸ್ಪರ್ಧೆಗೆ ನಾಲ್ವರು ಗೆಳೆಯರು ಹೊರಟಿದ್ದೇವೆ: ಸೈಕಲ್ ಸಾಗಿಸುವುದು ಹೇಗೆ, ದಾರಿಯಲ್ಲಿ ಒಬ್ಬರಿಗೊಬ್ಬರು ಕಾಯಬೇಕೆ?

ಹೇಮಾವತಿ ತೀರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾವು ಸಕಲೇಶಪುರ ತಾಲ್ಲೂಕಿನ ನಾಲ್ವರು ಗೆಳೆಯರು. ಹೈಸ್ಕೂಲಿನ ದಿನಗಳಿಂದ ಜೊತೆಗಿದ್ದೇವೆ, ಈಗ ಎಲ್ಲರಿಗೂ ವಯಸ್ಸು ನಲವತ್ತರ ಆಚೀಚೆ. ಕಳೆದ ಐದು ವರ್ಷಗಳಿಂದ ಭಾನುವಾರ ಬೆಳಗಿನ ಜಾವ ಕಾಫಿ ತೋಟಗಳ ನಡುವಿನ ಮಣ್ಣುದಾರಿಗಳಲ್ಲಿಯೂ, ಮಳೆ ಬಿಡುವು ಕೊಟ್ಟಾಗ ಬಿಸಿಲೆ ಘಾಟಿಯ ಕಡೆಗೂ ಸೈಕಲ್ ತುಳಿಯುತ್ತಾ ಬಂದಿದ್ದೇವೆ. ಈ ಸಲ ಮಳೆಗಾಲ ಮುಗಿಯುತ್ತಿದ್ದಂತೆ ಶಿಮ್ಲಾ ಸುತ್ತಮುತ್ತಲಿನ ಬೆಟ್ಟಗಳಲ್ಲಿ ನಡೆಯುವ, ಹವ್ಯಾಸಿಗಳಿಗೂ ಪ್ರವೇಶವಿರುವ ನಾಲ್ಕು ದಿನಗಳ ಸ್ಪರ್ಧೆಯೊಂದಕ್ಕೆ ಹೆಸರು ಕೊಡಬೇಕೆಂದು ನಿಶ್ಚಯಿಸಿದ್ದೇವೆ. ಬಹುಮಾನದ ಆಸೆ ನಮಗಾರಿಗೂ ಇಲ್ಲ. ಹಿಮಾಚಲದ ಆ ದಾರಿಗಳನ್ನು ಒಮ್ಮೆ ನಮ್ಮ ಕಾಲಿನ ಬಲದಿಂದಲೇ ಏರಿ ಇಳಿಯಬೇಕೆಂಬುದು ಬಹಳ ದಿನಗಳಿಂದ ಮನಸ್ಸಿನಲ್ಲಿದ್ದ ಮಾತು.

ನನ್ನ ಮೊದಲ ಪ್ರಶ್ನೆ ಸೈಕಲ್‌ಗಳ ಸಾಗಣೆಗೆ ಸಂಬಂಧಿಸಿದ್ದು. ರೈಲೋ, ವಿಮಾನವೋ, ಅಥವಾ ಅಲ್ಲಿಯೇ ಬಾಡಿಗೆಗೆ ತೆಗೆದುಕೊಳ್ಳುವುದೋ? ಎರಡನೆಯದು, ನಮ್ಮ ಅಭ್ಯಾಸವೆಲ್ಲ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಲೆನಾಡಿನ ಮಳೆಯಲ್ಲಿಯೇ ನಡೆಯಬೇಕಾಗಿದೆ. ಅದು ಅಲ್ಲಿಯ ಒಣ ಜಲ್ಲಿಯ ಇಳಿಜಾರುಗಳಿಗೆ ಸಾಲುತ್ತದೆಯೇ?

ಮೂರನೆಯ ಪ್ರಶ್ನೆಯೇ ನನ್ನನ್ನು ಹೆಚ್ಚು ಕಾಡುತ್ತಿದೆ. ನಮ್ಮಲ್ಲಿ ಒಬ್ಬನು ಬಹಳ ವೇಗದ ಸವಾರ, ನಾನು ನಡುವಿನವನು, ಮತ್ತೊಬ್ಬನು ನಿಧಾನ. ನಾಲ್ಕನೆಯವನಿಗೆ ಹೋದ ವರ್ಷ ಮಂಡಿಯ ಶಸ್ತ್ರಚಿಕಿತ್ಸೆಯಾದ ಕಾರಣ ಅವನು ತುಳಿಯುವುದಿಲ್ಲ, ಆದರೆ ನಮ್ಮನ್ನು ಬಿಟ್ಟು ಮನೆಯಲ್ಲಿ ಕೂರಲು ಅವನಿಗೆ ಮನಸ್ಸಿಲ್ಲ. "ಹೋದರೆ ಮೂವರೂ ಒಟ್ಟಿಗೇ ಗುರಿ ಮುಟ್ಟೋಣ" ಎಂದು ಒಂದು ಸಂಜೆ ಮಾತಾಡಿಕೊಂಡೆವು. ಅಂದಿನಿಂದ ನಮ್ಮ ವೇಗದ ಗೆಳೆಯನು ಈ ವಿಷಯ ಬಂದಾಗಲೆಲ್ಲ ಸುಮ್ಮನಾಗುತ್ತಾನೆ. ಆ ಮಾತನ್ನು ಉಳಿಸಿಕೊಳ್ಳಬೇಕೇ, ಬಿಡಬೇಕೇ ಎಂಬುದನ್ನು ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಘಟ್ಟದ ಗಾಲಿ (ಬೆಂಗಳೂರು)

ಹೇಮಾವತಿಯವರೇ, ಮೂರು ಸಲ ಹಿಮಾಚಲಕ್ಕೆ ಸೈಕಲ್ ಹೊತ್ತು ಹೋಗಿ ಬಂದವನಾಗಿ ಸಾಗಣೆಯ ಬಗ್ಗೆ ಮಾತ್ರ ವಿವರವಾಗಿ ಬರೆಯುತ್ತೇನೆ.

ಬಾಡಿಗೆ ಸೈಕಲ್ಲಿನ ಯೋಚನೆಯನ್ನು ಬಿಟ್ಟುಬಿಡಿ. ನಾಲ್ಕು ದಿನ ಮೈಗೆ ಒಗ್ಗದ ಸೀಟು ಮತ್ತು ಹ್ಯಾಂಡಲ್ ಒಂದು ತೊಂದರೆಯಾದರೆ, ಬ್ರೇಕ್ ಅದಕ್ಕಿಂತ ದೊಡ್ಡ ತೊಂದರೆ. ನಮ್ಮಲ್ಲಿ ಸಾಮಾನ್ಯವಾಗಿ ಮುಂದಿನ ಬ್ರೇಕ್ ಬಲಗೈಯಲ್ಲಿರುತ್ತದೆ. ಹೊರದೇಶದ ಕ್ರಮದಲ್ಲಿ ಜೋಡಿಸಿದ ಸೈಕಲ್ಲಿನಲ್ಲಿ ಅದು ಎಡಗೈಗೆ ಬಂದಿರಬಹುದು. ಕಡಿದಾದ ಇಳಿಜಾರಿನಲ್ಲಿ ಹಿಂದಿನ ಬ್ರೇಕ್ ಎಂದುಕೊಂಡು ಮುಂದಿನದನ್ನು ಒತ್ತಿದರೆ ಏನಾಗುತ್ತದೆ ಎಂಬುದನ್ನು ನಾನು ಹೇಳಬೇಕಾಗಿಲ್ಲ.

ರೈಲಿನಲ್ಲಿ ಹೋಗುವುದಾದರೆ ಯಶವಂತಪುರದಿಂದ ಚಂಡೀಗಢಕ್ಕೆ ಹೋಗುವ ಸಂಪರ್ಕ ಕ್ರಾಂತಿ ಗಾಡಿ ನಿಮಗೆ ಅನುಕೂಲ. ಅದು ದಿನವೂ ಇಲ್ಲ, ಆದ್ದರಿಂದ ಸ್ಪರ್ಧೆಯ ದಿನಾಂಕದಿಂದ ಹಿಂದಕ್ಕೆ ಎಣಿಸಿ ಟಿಕೆಟ್ ಮಾಡಿಸಿ. ದಾರಿಯ ನಡುವಿನ ನಿಲ್ದಾಣದಲ್ಲಿ ಹತ್ತುವ ಆಲೋಚನೆ ಬೇಡ, ಏಕೆಂದರೆ ಗಾಡಿ ಎರಡು ಮೂರು ನಿಮಿಷ ನಿಲ್ಲುವ ಕಡೆ ಬ್ರೇಕ್ ವ್ಯಾನಿಗೆ (ಸಾಮಾನು ಸಾಗಿಸುವ ಬೋಗಿಗೆ) ಸೈಕಲ್ ಏರಿಸುವುದು ನಡೆಯುವ ಕೆಲಸವಲ್ಲ. ಯಶವಂತಪುರಕ್ಕೇ ಬಂದು, ಗಾಡಿ ಹೊರಡುವ ಮೂರು ನಾಲ್ಕು ಗಂಟೆ ಮೊದಲೇ ಪಾರ್ಸೆಲ್ ಕಚೇರಿಗೆ ಹೋಗಿ. ಅಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಪ್ರಯಾಣದ ಟಿಕೆಟ್ ತೋರಿಸಿ "ಲಗೇಜ್" ಎಂದು ಬರೆಸಿದರೆ ಸೈಕಲ್ ನೀವು ಹೋಗುವ ಗಾಡಿಯಲ್ಲಿಯೇ ಬರುತ್ತದೆ. "ಪಾರ್ಸೆಲ್" ಎಂದು ಬರೆಸಿದರೆ ಜಾಗವಿದ್ದ ಬೇರೆ ಗಾಡಿಯಲ್ಲಿ ಬರಬಹುದು. ಮೊದಲ ಸಲ ಈ ವ್ಯತ್ಯಾಸ ತಿಳಿಯದೆ ನಾವು ಪಾರ್ಸೆಲ್ ಎಂದು ಬರೆಸಿದೆವು. ನಾವು ತಲುಪಿದ ಎರಡು ದಿನಗಳ ಮೇಲೆ ಸೈಕಲ್‌ಗಳು ಬಂದವು, ಅಷ್ಟರಲ್ಲಿ ಬೆಟ್ಟದ ಗಾಳಿಗೆ ಹೊಂದಿಕೊಳ್ಳಲೆಂದು ಇಟ್ಟುಕೊಂಡಿದ್ದ ದಿನಗಳೆಲ್ಲ ನಿಲ್ದಾಣದಲ್ಲಿ ವಿಚಾರಿಸುವುದರಲ್ಲಿಯೇ ಕಳೆದುಹೋಗಿದ್ದವು. ಪೆಟ್ಟಿಗೆಯ ಎರಡು ಬದಿಗೂ ಹೆಸರು, ಹೊರಡುವ ಮತ್ತು ತಲುಪುವ ನಿಲ್ದಾಣ, ಫೋನ್ ನಂಬರ್ ಇವನ್ನು ಅಳಿಸದ ಮಸಿಯಲ್ಲಿ ಬರೆಯಿರಿ.

ವಿಮಾನದಲ್ಲಿ ಹೋದರೆ ದಿನಗಳು ಉಳಿಯುತ್ತವೆ. ಆದರೆ ದೇಶದೊಳಗಿನ ಪ್ರಯಾಣಕ್ಕೆ ಸಾಮಾನ್ಯವಾಗಿ ಉಚಿತವಾಗಿ ಬಿಡುವುದು 15 ಕಿಲೋ, ಪೆಟ್ಟಿಗೆ ಸಮೇತ ಸೈಕಲ್ ಅದನ್ನು ಮೀರುತ್ತದೆ. ಹೆಚ್ಚಿನ ಹಣವನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ. ಗಾಳಿ ತುಂಬುವ ಸಣ್ಣ ಗ್ಯಾಸ್ ಸಿಲಿಂಡರ್‌ಗಳನ್ನು ಮನೆಯಲ್ಲಿಯೇ ಬಿಟ್ಟು ಕೈಪಂಪ್ ಒಯ್ಯಿರಿ.

ಯಾವ ದಾರಿಯಲ್ಲಿ ಹೋದರೂ ಪ್ಯಾಕಿಂಗ್ ಒಂದೇ ತೆರನಾದುದು. ಸೈಕಲ್ ಅಂಗಡಿಯಲ್ಲಿ ಹೊಸ ಸೈಕಲ್ ಬರುವ ರಟ್ಟಿನ ಪೆಟ್ಟಿಗೆ ಕೇಳಿದರೆ ಕೊಡುತ್ತಾರೆ. ಪೆಡಲ್ ಬಿಚ್ಚುವಾಗ ಎಡ ಪೆಡಲಿನ ಥ್ರೆಡ್ ಉಲ್ಟಾ ಎಂಬುದು ನೆನಪಿರಲಿ. ಮುಂದಿನ ಗಾಲಿ ತೆಗೆದ ಮೇಲೆ ಫೋರ್ಕಿನ ಎರಡು ಕಾಲುಗಳ ನಡುವೆ ಅಳತೆಗೆ ಕತ್ತರಿಸಿದ ಮರದ ತುಂಡನ್ನೋ ಪ್ಲಾಸ್ಟಿಕ್ ಅಡ್ಡವನ್ನೋ ಇಡಿ. ಹೈಡ್ರಾಲಿಕ್ ಡಿಸ್ಕ್ ಬ್ರೇಕ್ (ಎಣ್ಣೆಯ ಒತ್ತಡದಿಂದ ಎರಡು ಪ್ಯಾಡ್‌ಗಳು ಗಾಲಿಯ ಲೋಹದ ತಟ್ಟೆಯನ್ನು ಹಿಡಿಯುವಂಥದ್ದು) ಇದ್ದರೆ ಆ ಪ್ಯಾಡ್‌ಗಳ ನಡುವೆ ಮಡಿಸಿದ ರಟ್ಟನ್ನು ಸಿಕ್ಕಿಸಲು ಮರೆಯಬೇಡಿ. ಗಾಲಿಯಿಲ್ಲದಾಗ ಬ್ರೇಕಿನ ಹಿಡಿ ಒತ್ತಿಬಿಟ್ಟರೆ ಪ್ಯಾಡ್‌ಗಳು ಒಂದಕ್ಕೊಂದು ಅಂಟಿಕೊಂಡು, ಬೆಟ್ಟದ ಮೇಲೆ ಅವನ್ನು ಬಿಡಿಸುವುದರಲ್ಲಿ ಒಂದು ಸಂಜೆಯೇ ಹೋಗುತ್ತದೆ. ಹಿಂದಿನ ಡಿರೇಲರನ್ನು (ಚೈನನ್ನು ಒಂದು ಗೇರಿನಿಂದ ಇನ್ನೊಂದಕ್ಕೆ ದಾಟಿಸುವ ಭಾಗ) ಬಿಚ್ಚಿ, ಬಬಲ್ ರ್ಯಾಪ್ ಸುತ್ತಿ, ಚೌಕಟ್ಟಿನ ಒಳಭಾಗಕ್ಕೆ ಕಟ್ಟಿ.

ಅದರ ಜೊತೆಗೇ ಹೇಳಬೇಕಾದದ್ದು ಹ್ಯಾಂಗರಿನ ಬಗ್ಗೆ. ಡಿರೇಲರನ್ನು ಚೌಕಟ್ಟಿಗೆ ಹಿಡಿದಿಡುವ, ಹೆಬ್ಬೆರಳಿನಷ್ಟು ಉದ್ದದ ಅಲ್ಯೂಮಿನಿಯಂ ತುಂಡು ಅದು. ಏಟು ಬಿದ್ದಾಗ ಚೌಕಟ್ಟು ಉಳಿಯಲಿ ಎಂದು ತಾನು ಬಾಗುವಂತೆಯೋ ಮುರಿಯುವಂತೆಯೋ ಅದನ್ನು ಮಾಡಿರುತ್ತಾರೆ. ಒಂದು ಸೈಕಲ್ಲಿನ ಹ್ಯಾಂಗರ್ ಇನ್ನೊಂದಕ್ಕೆ ಕೂರುವುದು ಅಪರೂಪ, ಆದ್ದರಿಂದ ಬೆಟ್ಟದ ಊರಿನ ಅಂಗಡಿಯಲ್ಲಿ ನಿಮ್ಮದಕ್ಕೆ ಸರಿಹೊಂದುವುದು ಸಿಗುತ್ತದೆ ಎಂಬ ಭರವಸೆ ಇಟ್ಟುಕೊಳ್ಳಬೇಡಿ. ನನ್ನ ಗೆಳೆಯನ ಸೈಕಲ್ಲಿಗೆ ಎರಡನೆಯ ದಿನ ಒಂದು ಕಲ್ಲು ತಗುಲಿ ಹ್ಯಾಂಗರ್ ಎರಡು ತುಂಡಾಯಿತು. ಅವನ ಚೀಲದಲ್ಲಿ ಹೆಚ್ಚುವರಿ ಹ್ಯಾಂಗರ್ ಇತ್ತು, ಆದರೆ ಅದು ಅವನ ಹಳೆಯ ಸೈಕಲ್ಲಿನದು. ರಸ್ತೆಬದಿಯಲ್ಲಿ ಕೂತು ಚೈನನ್ನು ಗಿಡ್ಡ ಮಾಡಿ, ನಡುವಿನ ಒಂದೇ ಗೇರಿಗೆ ಕೂರಿಸಿ, ಉಳಿದ 30 ಕಿಲೋಮೀಟರ್‌ನಲ್ಲಿ ಏರುದಾರಿಯನ್ನೆಲ್ಲ ಅವನು ಸೈಕಲ್ ತಳ್ಳಿಕೊಂಡು ನಡೆದ. ತಲಾ ಎರಡು ಹ್ಯಾಂಗರ್ ತನ್ನಿ, ಊರಿನಲ್ಲಿಯೇ ಒಂದು ಸಲ ಸೈಕಲ್ಲಿಗೆ ಹಾಕಿ ನೋಡಿಯೇ ತನ್ನಿ.

ಸುಖ್ನಾ ಕೆರೆಯ ಕನ್ನಡಿಗ (ಚಂಡೀಗಢ)

ಹನ್ನೊಂದು ವರ್ಷಗಳಿಂದ ಇಲ್ಲಿದ್ದೇನೆ, ಮೂಲತಃ ಅರಸೀಕೆರೆಯವನು. ಹಿಮಾಚಲದಲ್ಲಿ 2005ರಿಂದ ಎಂಟಿಬಿ (ಪರ್ವತ ಸೈಕಲ್) ಹಿಮಾಲಯ ಎಂಬ ಬಹುದಿನಗಳ ಸ್ಪರ್ಧೆ ನಡೆಯತೊಡಗಿದ ಮೇಲೆ ಶಿಮ್ಲಾದ ಕಡೆ ಸೈಕಲ್ ಸವಾರರನ್ನು ಕಂಡು ಜನ ಬೆರಗಾಗುವುದಿಲ್ಲ; ದಾರಿಯ ಹಳ್ಳಿಗಳಲ್ಲಿ ಕರೆದು ಚಹಾ ಕೊಡುವವರಿದ್ದಾರೆ.

ಚಂಡೀಗಢದಿಂದ ಶಿಮ್ಲಾಕ್ಕೆ ರಸ್ತೆಯಲ್ಲಿ ಸುಮಾರು 115 ಕಿಲೋಮೀಟರ್. ಕಾಲ್ಕಾದಿಂದ ಹೊರಡುವ ಪುಟ್ಟ ರೈಲಿನ ಆಸೆ ನಿಮಗೂ ಇರಬಹುದು. 1903ರಲ್ಲಿ ತೆರೆದ 96 ಕಿಲೋಮೀಟರ್‌ಗಳ ಆ ಮಾರ್ಗ ನಿಜವಾಗಿಯೂ ನೋಡತಕ್ಕದ್ದು, ಆದರೆ ಅದರ ಕಿರಿದಾದ ಬೋಗಿಗಳಲ್ಲಿ ಮೂರು ಸೈಕಲ್ ಪೆಟ್ಟಿಗೆ ಇಟ್ಟುಕೊಂಡು ಹೋಗುವುದು ನಿಮಗೂ ಕಷ್ಟ, ಉಳಿದ ಪ್ರಯಾಣಿಕರಿಗೂ ಕಷ್ಟ. ಹೋಗುವಾಗ ಮೇಲೆ ಕ್ಯಾರಿಯರ್ ಇರುವ ದೊಡ್ಡ ಟ್ಯಾಕ್ಸಿಯಲ್ಲಿ ಹೋಗಿ.

ಎತ್ತರವನ್ನು ಹಗುರವಾಗಿ ಕಾಣಬೇಡಿ. ಸಕಲೇಶಪುರ ಸಾವಿರ ಮೀಟರ್ ಒಳಗಿನ ಊರು, ಶಿಮ್ಲಾ ಸುಮಾರು 2,200 ಮೀಟರ್, ಸ್ಪರ್ಧೆಯ ದಾರಿ ಜಲೋರಿ ಕಣಿವೆಮಾರ್ಗದ ಕಡೆಗೆ ತಿರುಗಿದರೆ 3,100 ಮೀಟರ್ ದಾಟುತ್ತೀರಿ. ಎತ್ತರದ ಕಾಯಿಲೆ ಸಾಮಾನ್ಯವಾಗಿ 2,500 ಮೀಟರ್ ಮೇಲೆ ಕಾಣಿಸಿಕೊಳ್ಳುತ್ತದೆ, ಗಟ್ಟಿಮುಟ್ಟಾದವರಿಗೂ ಬರುತ್ತದೆ. ಕನಿಷ್ಠ ಎರಡು ಮೂರು ದಿನ ಮೊದಲೇ ಶಿಮ್ಲಾದಲ್ಲಿರಿ. ಆ ದಿನಗಳಲ್ಲಿ ಒಂದೆರಡು ಗಂಟೆ ಮೆಲ್ಲಗೆ ತುಳಿದರೆ ಸಾಕು. ತಲೆನೋವಿನ ಜೊತೆಗೆ ವಾಕರಿಕೆ ಬಂದರೆ ಮೇಲಕ್ಕೆ ಏರಬಾರದು, ಹೆಚ್ಚಾದರೆ ಕೆಳಗೆ ಇಳಿಯಲೇಬೇಕು. ಮಾತ್ರೆ ನುಂಗಿ ಮುಂದೆ ಹೋಗುವುದು ತಪ್ಪು. ಅಕ್ಟೋಬರ್‌ನಲ್ಲಿ ಸಂಜೆ ಆರಕ್ಕೆಲ್ಲ ಬೆಟ್ಟದಲ್ಲಿ ಕತ್ತಲಾಗುತ್ತದೆ, ಟೆಂಟಿನಲ್ಲಿ ಮಲಗುವ ರಾತ್ರಿಗೆ ಮಲೆನಾಡಿನ ಕಂಬಳಿ ಸಾಲದು.

ತುಂಗೆಯ ಮಡಿಲು (ತೀರ್ಥಹಳ್ಳಿ)

ನಿಮ್ಮ ಮೂರನೆಯ ಪ್ರಶ್ನೆಗೆ ಉತ್ತರಿಸಲೆಂದೇ ಬರೆಯುತ್ತಿದ್ದೇನೆ, ಏಕೆಂದರೆ ನೀವು ಆಡಿಕೊಂಡ ಮಾತನ್ನೇ ನಾವೂ ಆಡಿಕೊಂಡು ಹೋಗಿದ್ದೆವು.

ನಾವು ಇಬ್ಬರು. ಮೊದಲ ದಿನ ಪ್ರತಿಯೊಂದು ಏರಿನ ತುದಿಯಲ್ಲಿಯೂ ನಾನು ಗೆಳೆಯನಿಗಾಗಿ ಕಾದೆ. ನಮ್ಮ ಕಡೆಯ ಘಾಟಿಗಳಲ್ಲಿ ಐದು ಹತ್ತು ನಿಮಿಷ ಕಾದರೆ ಆಗುತ್ತದೆ. ಅಲ್ಲಿ ಒಂದೊಂದು ಏರು ಎರಡು ಗಂಟೆಯದು, ಆದ್ದರಿಂದ ಅಂತರ ನಲವತ್ತು ನಿಮಿಷಕ್ಕೆ ಬೆಳೆಯಿತು. ಬೆವರಿನಿಂದ ತೊಯ್ದ ಅಂಗಿಯಲ್ಲಿ ಗಾಳಿ ಬೀಸುವ ಕಣಿವೆಯ ತುದಿಯಲ್ಲಿ ನಲವತ್ತು ನಿಮಿಷ ನಿಲ್ಲುವುದೆಂದರೆ ಏನೆಂದು ನನಗೆ ಅಂದು ತಿಳಿಯಿತು. ಬೆರಳುಗಳು ಮರಗಟ್ಟಿ, ಇಳಿಯುವಾಗ ಬ್ರೇಕಿನ ಹಿಡಿ ಕೈಗೆ ಸಿಕ್ಕಿದೆಯೋ ಇಲ್ಲವೋ ಎಂಬುದೇ ಗೊತ್ತಾಗುತ್ತಿರಲಿಲ್ಲ. ಅತ್ತ ಅವನಿಗೆ, ನಾನು ಮೇಲೆ ಚಳಿಯಲ್ಲಿ ನಿಂತಿದ್ದೇನೆ ಎಂಬ ಚಿಂತೆ. ನನ್ನನ್ನು ಕಾಯಿಸಬಾರದೆಂದು ಅವನು ಆಹಾರದ ತಾಣದಲ್ಲಿ ನಿಲ್ಲದೆ, ಸರಿಯಾಗಿ ನೀರು ಕುಡಿಯದೆ, ತನ್ನ ಶಕ್ತಿಗೆ ಮೀರಿ ತುಳಿದ. ಮಧ್ಯಾಹ್ನದ ಹೊತ್ತಿಗೆ ಮೀನಖಂಡ ಹಿಡಿದುಕೊಂಡು ರಸ್ತೆಯಲ್ಲಿಯೇ ಕೂತುಬಿಟ್ಟ. ಸಂಜೆ ಟೆಂಟಿನಲ್ಲಿ ನಾವಿಬ್ಬರೂ ಮಾತಾಡಲಿಲ್ಲ. ಮೂವತ್ತು ವರ್ಷಗಳ ಸ್ನೇಹದಲ್ಲಿ ಅಂಥ ಮೌನ ಅದೇ ಮೊದಲು.

ಮರುದಿನ ಬೆಳಿಗ್ಗೆ ಚಹಾ ಕುಡಿಯುವಾಗ ಅವನೇ ಬಾಯಿಬಿಟ್ಟು, "ನೀನು ನಿನ್ನ ದಾರಿ ಹಿಡಿದು ಹೋಗು. ನೀನು ಮೇಲೆ ಕಾಯುತ್ತಿದ್ದೀಯ ಅನ್ನೋದೇ ನನಗೆ ಈ ಗುಡ್ಡಕ್ಕಿಂತ ದೊಡ್ಡ ಭಾರ" ಎಂದ. ಅಂದಿನಿಂದ ಇಬ್ಬರೂ ಬೇರೆ ಬೇರೆ ತುಳಿದೆವು. ಅವನು ನನಗಿಂತ ಎರಡು ಗಂಟೆ ತಡವಾಗಿ, ಆದರೆ ನಗುತ್ತಾ ಬಂದ. ದಾರಿಯಲ್ಲಿ ಸೇಬಿನ ತೋಟದವರು ಕೊಟ್ಟ ಹಣ್ಣುಗಳನ್ನು ನನಗಾಗಿ ಜೇಬಿನಲ್ಲಿ ತುಂಬಿಕೊಂಡು ಬಂದಿದ್ದ.

ಜೋಡಿಯಾಗಿಯೇ ಓಡುವ ಸ್ಪರ್ಧೆಗಳೂ ಇವೆ. ದಕ್ಷಿಣ ಆಫ್ರಿಕಾದಲ್ಲಿ 2004ರಿಂದ ನಡೆಯುತ್ತಿರುವ ಕೇಪ್ ಎಪಿಕ್ ಸ್ಪರ್ಧೆಯಲ್ಲಿ ಜೊತೆಗಾರರಿಬ್ಬರ ನಡುವೆ ಎರಡು ನಿಮಿಷಕ್ಕಿಂತ ಹೆಚ್ಚು ಅಂತರ ಬಿದ್ದರೆ ದಂಡವಿದೆ. ಆದರೆ ಅಲ್ಲಿಗೆ ಹೋಗುವವರು ಸಮಬಲದ ಜೊತೆಗಾರನನ್ನು ಹುಡುಕಿ, ತಿಂಗಳುಗಟ್ಟಲೆ ಒಟ್ಟಿಗೇ ಅಭ್ಯಾಸ ಮಾಡಿ ಹೋಗುತ್ತಾರೆ. ನಿಮ್ಮ ಸ್ಪರ್ಧೆ ಒಂಟಿ ಸವಾರರದು. ನಿಮ್ಮ ವೇಗದ ಗೆಳೆಯನ ಮೌನಕ್ಕೆ ಅರ್ಥ ನಿಮಗೂ ಗೊತ್ತಿದೆ ಎಂದೇ ನನಗೆ ತೋರುತ್ತದೆ. ಅವನ ಬಾಯಿಂದ ಮೊದಲು ಅದನ್ನು ಹೊರಡಿಸಬೇಡಿ, ಅವನಿಗೆ ಅದು ಸ್ವಾರ್ಥದ ಮಾತಾಗಿ ಕೇಳಿಸುತ್ತದೆ. ನಿಧಾನದವನು ಹೇಳಿದರೆ ಎಲ್ಲರಿಗೂ ಹಗುರವಾಗುತ್ತದೆ, ಹೆಸರು ನೋಂದಾಯಿಸುವ ಮೊದಲೇ ಹೇಳಿದರೆ ಇನ್ನೂ ಒಳ್ಳೆಯದು.

ಹೇಮಾವತಿ ತೀರ

ತುಂಗೆಯವರೇ, ನಿಮ್ಮ ಬರಹವನ್ನು ಎರಡು ಸಲ ಓದಿದೆ. ಒಂದೇ ಅಳುಕು ಉಳಿದಿದೆ. ನಮ್ಮ ನಿಧಾನದ ಗೆಳೆಯ ಕಾಡಿನ ದಾರಿಯಲ್ಲಿ ಒಬ್ಬನೇ ಇರುವಾಗ ಬಿದ್ದರೆ, ನಾವಿಬ್ಬರೂ ಮುಂದೆ ಹೋಗಿಬಿಟ್ಟಿದ್ದರೆ, ಅದನ್ನು ನಾನು ಹೇಗೆ ಸಹಿಸಲಿ?

ತುಂಗೆಯ ಮಡಿಲು

ನೀವು ಮುಂದಿನ ಗುಡ್ಡದ ತುದಿಯಲ್ಲಿ ನಿಂತಿದ್ದರೂ ಹಿಂದೆ ಬಿದ್ದವನಿಗೆ ಅದರಿಂದ ಉಪಯೋಗವಿಲ್ಲ; ಅವನ ಬಳಿಗೆ ಮೊದಲು ಬರುವವರು ಹಿಂದಿನಿಂದ ಬರುವ ಸವಾರರೇ. ನೋಂದಾಯಿಸುವ ಮೊದಲು ಸಂಘಟಕರಿಗೆ ಮೂರು ಪ್ರಶ್ನೆ ಕೇಳಿ: ಕೊನೆಯ ಸವಾರನ ಹಿಂದೆ ವಾಹನ ಬರುತ್ತದೆಯೇ, ದಾರಿ ಕಾಯುವ ಮಾರ್ಷಲ್‌ಗಳು ಎಷ್ಟು ದೂರಕ್ಕೊಬ್ಬರು ಇರುತ್ತಾರೆ, ಆಂಬುಲೆನ್ಸ್ ಎಲ್ಲಿ ನಿಂತಿರುತ್ತದೆ? ಸರಿಯಾದ ಉತ್ತರ ಸಿಗದಿದ್ದರೆ ಆ ಸ್ಪರ್ಧೆಗೆ ಹೋಗಬೇಡಿ. ನಿಮ್ಮ ವಿಮೆಯ ಕಾಗದವನ್ನೂ ಒಮ್ಮೆ ಓದಿ, ಅನೇಕ ಪಾಲಿಸಿಗಳಲ್ಲಿ ಸ್ಪರ್ಧೆಯಲ್ಲಿ ಆದ ಗಾಯಕ್ಕೆ ಹಣ ಕೊಡುವುದಿಲ್ಲ ಎಂಬ ಷರತ್ತು ಇರುತ್ತದೆ. ಇನ್ನೊಂದು, ದಾರಿಯಲ್ಲಿ ಯಾರೇ ಬಿದ್ದಿದ್ದರೂ, ಅವರು ಗೆಳೆಯರಾಗಲಿ ಅಪರಿಚಿತರಾಗಲಿ, ನಿಮ್ಮ ಸಮಯವನ್ನು ಮರೆತು ನಿಲ್ಲಬೇಕು. ಎಲ್ಲರೂ ಹಾಗೆ ನಡೆದುಕೊಂಡರೆ ನಿಮ್ಮ ಗೆಳೆಯ ಒಂಟಿಯಾಗಿರುವುದಿಲ್ಲ.

ಗ್ರೀಸ್ ಕೈ (ಮೈಸೂರು)

ಸೈಕಲ್ ರಿಪೇರಿಯೇ ನನ್ನ ಕಸುಬು, ಆದ್ದರಿಂದ ಬ್ರೇಕಿನ ವಿಷಯವನ್ನು ಮಾತ್ರ ಹೇಳುತ್ತೇನೆ.

ಮಳೆಯಲ್ಲಿ ಅಭ್ಯಾಸ ಮಾಡುವುದು ಕೊರತೆಯಲ್ಲ. ಒದ್ದೆ ಬೇರು, ಜಾರುವ ಜೇಡಿ, ಇಂಬಳಗಳ ನಡುವೆ ತುಳಿದವರಿಗೆ ಸೈಕಲ್ಲಿನ ಮೇಲೆ ಹತೋಟಿ ಚೆನ್ನಾಗಿ ಬಂದಿರುತ್ತದೆ. ನಿಮಗೆ ಅಭ್ಯಾಸವಿಲ್ಲದ್ದು ಇಳಿಜಾರಿನ ಉದ್ದ. ಹದಿನೈದು ಇಪ್ಪತ್ತು ಕಿಲೋಮೀಟರ್ ಬಿಡದೆ ಇಳಿಯುವಾಗ ಹಿಡಿಯನ್ನು ಸದಾ ಅರೆಬರೆ ಒತ್ತಿಕೊಂಡೇ ಇದ್ದರೆ ಡಿಸ್ಕ್ ಕಾದು ಬ್ರೇಕ್ ಸೋಲುತ್ತದೆ. ತಿರುವಿಗೆ ಮೊದಲು ಗಟ್ಟಿಯಾಗಿ ಹಿಡಿದು ವೇಗ ಇಳಿಸಿ, ಆಮೇಲೆ ಪೂರ್ತಿ ಬಿಟ್ಟು ಗಾಳಿ ತಗುಲಲು ಬಿಡಿ.

ಪರ್ವತ ಸೈಕಲ್ ಓಟದ ಮೂಲದಲ್ಲಿಯೇ ಈ ಕಥೆ ಇದೆ. 1976ರ ಅಕ್ಟೋಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಫೇರ್‌ಫ್ಯಾಕ್ಸ್ ಊರಿನ ಬಳಿ ಕೆಲವು ಗೆಳೆಯರು ಹಳೆಯ ದಪ್ಪ ಟೈರಿನ ಸೈಕಲ್‌ಗಳನ್ನು ಗುಡ್ಡದ ಮೇಲಕ್ಕೆ ಸಾಗಿಸಿ, ಗಡಿಯಾರ ಹಿಡಿದು ಒಬ್ಬೊಬ್ಬರಾಗಿ ಇಳಿಯುವ ಓಟ ಶುರುಮಾಡಿದರು. ಹಿಂದಿನ ಗಾಲಿಯ ನಡುವಿನ ಹಬ್‌ನೊಳಗಿದ್ದ ಬ್ರೇಕ್ ಕಾದು, ಗ್ರೀಸೆಲ್ಲ ಹೊಗೆಯಾಗಿ ಹೋಗಿ, ಕೆಳಗೆ ಬಂದ ಮೇಲೆ ಹೊಸದಾಗಿ ಗ್ರೀಸ್ ತುಂಬಬೇಕಾಗುತ್ತಿತ್ತು. ಹಾಗೆ ಮರಳಿ ತುಂಬುವುದರಿಂದಲೇ ಆ ಓಟಕ್ಕೆ ರೀಪ್ಯಾಕ್ ಎಂಬ ಹೆಸರು ಬಂತು. ಮುಂದೆ 1996ರಲ್ಲಿ ಅಟ್ಲಾಂಟಾ ಒಲಿಂಪಿಕ್ಸ್‌ಗೆ ಸೇರಿದ ಕ್ರೀಡೆ ಬೆಳೆದದ್ದು ಅಂಥ ಗೆಳೆಯರ ಗುಂಪಿನಿಂದ.

ಮಲೆನಾಡಿನ ಕೆಸರಿನಲ್ಲಿ ರೆಸಿನ್ (ಅಂಟಿನಿಂದ ಕಟ್ಟಿದ, ಮೆತ್ತನೆಯ) ಬ್ರೇಕ್ ಪ್ಯಾಡ್‌ಗಳು ಬೇಗ ಸವೆಯುತ್ತವೆ. ಅಲ್ಲಿಗೆ ಹೊರಡುವ ಮುನ್ನ ಲೋಹದ ಪ್ಯಾಡ್ ಹಾಕಿಸಿ, ಆದರೆ ನಿಮ್ಮ ಡಿಸ್ಕ್ ಅದಕ್ಕೆ ತಕ್ಕದ್ದೇ ಎಂದು ಮೊದಲು ನೋಡಿ; ಕೆಲವು ಡಿಸ್ಕ್‌ಗಳ ಮೇಲೆ ರೆಸಿನ್ ಪ್ಯಾಡ್ ಮಾತ್ರ ಬಳಸಿ ಎಂದು ಬರೆದಿರುತ್ತಾರೆ. ಹೊಸ ಪ್ಯಾಡನ್ನು ಊರಿನಲ್ಲಿಯೇ ಇಪ್ಪತ್ತು ಸಲ ಹಿಡಿದು ಬಿಟ್ಟು ಪಳಗಿಸಿ ಒಯ್ಯಿರಿ.

ಚೀಲ ಕಾಯ್ದವಳು (ಧಾರವಾಡ)

ನಿಮ್ಮ ನಾಲ್ಕನೆಯ ಗೆಳೆಯರ ಬಗ್ಗೆ ಯಾರೂ ಬರೆಯದಿರುವುದರಿಂದ ನಾನು ಬರೆಯುತ್ತಿದ್ದೇನೆ. ನನ್ನ ಯಜಮಾನರು ಮತ್ತು ಅವರ ಗೆಳೆಯರ ಜೊತೆ ಎರಡು ಸಲ ಇಂಥ ಸ್ಪರ್ಧೆಗೆ ಹೋಗಿ, ಸೈಕಲ್ ಮುಟ್ಟದೆ ನಾಲ್ಕು ನಾಲ್ಕು ದಿನ ಅವರ ಜೊತೆಗಿದ್ದವಳು ನಾನು.

ತುಳಿಯುವವರಿಗೆ ಸಂಜೆಯ ಹೊತ್ತಿಗೆ ಯೋಚಿಸುವ ಶಕ್ತಿ ಉಳಿದಿರುವುದಿಲ್ಲ. ಗುರಿಯ ಬಳಿ ಒಬ್ಬರು ಒಣಗಿದ ಕಾಲುಚೀಲ, ಬೆಚ್ಚನೆಯ ಅಂಗಿ, ಥರ್ಮಾಸಿನಲ್ಲಿ ಬಿಸಿನೀರು ಹಿಡಿದು ನಿಂತಿದ್ದರೆ ಅದರ ಬೆಲೆ ಅವರಿಗೆ ಗೊತ್ತು. ನಾನು ಊರಿನಿಂದ ರಾಗಿ ಹುರಿಹಿಟ್ಟು, ಬೆಲ್ಲ, ಶೇಂಗಾ ಚಿಕ್ಕಿ ಒಯ್ದಿದ್ದೆ. ದಣಿದವರಿಗೆ ಶಿಬಿರದ ಊಟ ಗಂಟಲಲ್ಲಿ ಇಳಿಯದಿದ್ದಾಗ ಬಿಸಿನೀರಿನಲ್ಲಿ ಕಲಸಿದ ಹುರಿಹಿಟ್ಟು ಇಳಿಯುತ್ತಿತ್ತು. ಯಾರು ಊಟ ಬಿಟ್ಟರು, ಯಾರು ಸುಮ್ಮನೆ ಮೂಲೆಯಲ್ಲಿ ಕೂತರು ಎಂಬುದು ಹೊರಗೆ ನಿಂತವರಿಗೆ ಬೇಗ ಕಾಣುತ್ತದೆ. ಎರಡನೆಯ ಸಂಜೆ ಒಬ್ಬರ ಮಾತು ತೊದಲುತ್ತಿದ್ದುದನ್ನು ನಾನೇ ಮೊದಲು ಗಮನಿಸಿ ಡಾಕ್ಟರನ್ನು ಕರೆದೆ.

ನಿಮ್ಮ ನಡುವೆ ಕಾಯುವವರು ಒಬ್ಬರು ಬೇಕೇ ಬೇಕೆಂದಾದರೆ, ಕಾಯುವ ಕೆಲಸವನ್ನು ಅವರಿಗೇ ಕೊಡಿ. ಮೂವರಲ್ಲಿ ಕೊನೆಯವರು ಗುರಿ ದಾಟುವವರೆಗೆ ಅವರು ಅಲ್ಲಿಂದ ಕದಲಬಾರದು ಎಂಬುದೊಂದೇ ನಿಯಮ.

ಹೇಮಾವತಿ ತೀರ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ನಿನ್ನೆ ಸಂಜೆ ನಾಲ್ವರೂ ಸೇರಿದಾಗ ಈ ಉತ್ತರಗಳನ್ನು ಗಟ್ಟಿಯಾಗಿ ಓದಿದೆ. ತುಂಗೆಯವರ ಗೆಳೆಯರ ಮಾತಿಗೆ ಬಂದಾಗ ನಮ್ಮ ನಿಧಾನದ ಗೆಳೆಯ ನನ್ನನ್ನು ತಡೆದು, "ಇದನ್ನೇ ನಾನು ಎರಡು ತಿಂಗಳಿಂದ ಹೇಳಬೇಕೆಂದಿದ್ದೆ" ಎಂದ. ವೇಗದವನು ಆಗಲೂ ಏನೂ ಹೇಳಲಿಲ್ಲ, ಆದರೆ ರಾತ್ರಿ ಮನೆಗೆ ಹೋಗುವ ಮುನ್ನ ನಿಧಾನದವನ ಸೈಕಲ್ಲನ್ನು ತಾನೇ ಬಿಚ್ಚಿ ಪ್ಯಾಕ್ ಮಾಡಿಕೊಡುತ್ತೇನೆ ಎಂದು ಒಪ್ಪಿಸಿ ಹೋದ. ಮೂವರೂ ಬೇರೆ ಬೇರೆ ತುಳಿಯುವುದೆಂದೂ, ಮಂಡಿಯ ಗೆಳೆಯ ಗುರಿಯ ಬಳಿ ನಿಲ್ಲುವುದೆಂದೂ ನಿಶ್ಚಯವಾಗಿದೆ. ಸಂಘಟಕರಿಗೆ ಆ ಮೂರು ಪ್ರಶ್ನೆಗಳನ್ನು ಬರೆದಿದ್ದೇನೆ, ಉತ್ತರ ಬಂದ ಮೇಲೆಯೇ ಹಣ ಕಟ್ಟುತ್ತೇವೆ. ತಲಾ ಎರಡು ಹ್ಯಾಂಗರ್ ತರಿಸಲು ಹೇಳಿದ್ದೇವೆ, ರೈಲಿನಲ್ಲಿಯೇ ಹೋಗುತ್ತೇವೆ.

ಒಂದು ಸಣ್ಣ ಸಂದೇಹ ಉಳಿಯಿತು. ಖಾಲಿ ಪೆಟ್ಟಿಗೆಗಳನ್ನು ವಾಪಸು ಬರುವವರೆಗೆ ಎಲ್ಲಿಡುವುದು?

ಸುಖ್ನಾ ಕೆರೆಯ ಕನ್ನಡಿಗ (ಚಂಡೀಗಢ)

ನಮ್ಮ ಮನೆಯ ಹಿಂದೆ ಅಂಗಳವಿದೆ. ನಿಲ್ದಾಣದಿಂದ ನೇರವಾಗಿ ಇಲ್ಲಿಗೇ ಬನ್ನಿ, ಸೈಕಲ್‌ಗಳನ್ನು ಇಲ್ಲಿಯೇ ಜೋಡಿಸಿ ಕೆರೆಯ ದಂಡೆಯ ರಸ್ತೆಯಲ್ಲಿ ಒಂದು ಸುತ್ತು ತುಳಿದು ನೋಡಿ, ಪೆಟ್ಟಿಗೆಗಳನ್ನು ಮಡಿಸಿ ಮಹಡಿಯ ಮೆಟ್ಟಿಲ ಕೆಳಗೆ ಇಟ್ಟು ಹೋಗಿ. ಗಾಡಿ ತಲುಪುವ ದಿನ ತಿಳಿಸಿ, ನಾಲ್ವರಿಗೂ ನಮ್ಮ ಮನೆಯಲ್ಲಿ ಊಟ.